ಆರಲು ಇಟ್ಟ ಪತ್ರಗಳು, ನನ್ನ ಒಂದು ಸಾಲಿನ ಚೀಟಿ

ಗುಳೇದಗುಡ್ಡ,
ಫೆಬ್ರವರಿ ೩೦, ೨೧೮೮

ಯಂತ್ರಗಳಿಗೆ ಮೊಟ್ಟಮೊದಲ ಚೀಟಿಗಳನ್ನು ಬರೆಯುತ್ತಿರುವ ಹಿರಿಯರಿಗೆ, ಸಂಗವ್ವ ಬರಗುಂಡಿಯ ಶರಣು.

ತಾರೀಖು ನೋಡಿ ಗಾಬರಿಯಾಗಬೇಡಿ. ಪಂಚಾಂಗ ತಿದ್ದಿದ ಮೇಲೆ ನಮ್ಮ ಫೆಬ್ರವರಿಗೆ ಮೂವತ್ತು ದಿನ. ನನ್ನ ಮಾತುಗಳೂ ನಿಮಗೆ ವಿಚಿತ್ರ ಅನ್ನಿಸಬಹುದು, ಕ್ಷಮಿಸಿ. ಐದನೆಯ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಆಮೇಲೆ ಎರಡು ಸಲ ಸೇರಿದೆ, ಎರಡು ಸಲವೂ ಬಿಟ್ಟೆ. ಹಾಗಾಗಿ ಒಂದು ಮಾತು ತಿಳಿಯದಿದ್ದರೆ ಅದು ಕಾಲದ ದೋಷವೋ ನನ್ನ ದೋಷವೋ ನನಗೇ ಗೊತ್ತಾಗುವುದಿಲ್ಲ. ಇದನ್ನು ನಿಮಗೆ ಬರೆಯಬೇಕೋ ಬೇಡವೋ ಎಂದೇ ಒಂದು ತಿಂಗಳು ಯೋಚನೆ ಮಾಡಿದ್ದೇನೆ.

ನಮ್ಮಲ್ಲಿ ಮನೆಗೊಬ್ಬ ಓಲೆಕಾರ ಇದ್ದಾನೆ. ಮನುಷ್ಯನಲ್ಲ, ನೀವು ಎಐ ಏಜೆಂಟ್ ಎನ್ನುತ್ತಿದ್ದಿರಂತೆ, ಅದೇ. ಮನೆಯವರ ಇಮೇಲ್ ಪೆಟ್ಟಿಗೆ ನೋಡಿಕೊಳ್ಳುವುದು ಅವನ ಕೆಲಸ. ಅದಕ್ಕೆ ಅವನಿಗೆ ಕೈಗಳುಂಟು: ಹುಡುಕುವ ಕೈ, ಓದುವ ಕೈ, ಕರಡು ಬರೆಯುವ ಕೈ, ಕಳಿಸುವ ಕೈ, ಅಳಿಸುವ ಕೈ. ಯಾವ ಕೈ ಏನು ಮಾಡುತ್ತದೆಂದು ಅವನಿಗೆ ಹುಟ್ಟಿನಿಂದ ತಿಳಿದಿರುವುದಿಲ್ಲ. ಪ್ರತಿ ಕೈಗೂ ಒಂದು ಚೀಟಿ ಕಟ್ಟಿರುತ್ತದೆ. ಅದನ್ನು ಓದಿಯೇ ಇಂಥ ಕೆಲಸಕ್ಕೆ ಇಂಥ ಕೈ ಎಂದು ಆರಿಸಿಕೊಳ್ಳುತ್ತಾನೆ. ನಮ್ಮ ಓಣಿಯ ನಲವತ್ತು ಮನೆಗಳಿಗೆ ಆ ಚೀಟಿ ಬರೆಯುವವಳು ನಾನು.

ಬೆಳಗಿನ ತಂಪಿನಲ್ಲಿ ನಾವು ಕುಪ್ಪಸದ ಖಣ ನೇಯುತ್ತೇವೆ. ಬಿಸಿಲು ಏರಿದ ಮೇಲೆ ಎಲ್ಲರೂ ನೆಲಮನೆಗೆ, ಅಂದರೆ ಮನೆಯ ಕೆಳಗೆ ಕಲ್ಲು ಕೊರೆದು ಮಾಡಿದ ಕೋಣೆಗೆ, ಇಳಿಯುತ್ತೇವೆ. ಅಲ್ಲಿ ದಿನಾ ಐದು ತಾಸು ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಕುಳಿತರೆ ಸಿಟ್ಟು ಬಾರದೆ ಇರುತ್ತದೆಯೇ. ಅದಕ್ಕೇ ಒಂದು ಪದ್ಧತಿ ಇದೆ. ಯಾರ ಮೇಲೆ ಸಿಟ್ಟು ಬಂದರೂ ಬಾಯಿ ಬಿಡಬಾರದು. ಪತ್ರ ಬರೆದು ಕರಡಿನಲ್ಲಿ ಇಡಬೇಕು, ಕಾಯಿಸಿದ ಹಾಲನ್ನು ಆರಲು ಇಟ್ಟ ಹಾಗೆ. ಆರಿದ ಮೇಲೆ ಅಳಿಸಬೇಕು. ಅಂಥ ಪತ್ರವನ್ನು ಕಳಿಸಿದವರು ನಮ್ಮ ಓಣಿಯಲ್ಲಿ ಒಬ್ಬರೂ ಇಲ್ಲ.

ಎಲ್ಲರಿಗೂ ಗೊತ್ತಿದೆ ಎಂದೇ ನಾನು ಅದನ್ನು ಬರೆಯಲಿಲ್ಲ. ಕಳಿಸುವ ಕೈಗೆ ನಾನು ಕಟ್ಟಿದ್ದ ಚೀಟಿ ಒಂದೇ ಸಾಲು: ಬರೆದಿಟ್ಟ ಪತ್ರವನ್ನು ಕಳಿಸುತ್ತದೆ. ಚೊಕ್ಕಟವಾಗಿದೆ ಎಂದು ಒಳಗೊಳಗೇ ಹಿಗ್ಗಿದ್ದೆ ಕೂಡ. ಕಾರ್ತಿಕದಲ್ಲಿ ಪಕ್ಕದ ಮನೆಯ ಅಂದಾನೆವ್ವ, ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ಗಡಿಬಿಡಿಯಲ್ಲಿ, ತನ್ನ ಓಲೆಕಾರನಿಗೆ "ಪೆಟಗ್ಯಾಗ ಅರ್ಧಾಮರ್ಧಾ ಉಳದದ್ದೆಲ್ಲಾ ಮುಗಿಸಿಬಿಡಪಾ" ಎಂದು ಹೇಳಿ ಮಗ್ಗಕ್ಕೆ ಹೋದಳು. ಅವನು ನೋಡಿದ, ಹನ್ನೊಂದು ಕರಡುಗಳಿದ್ದವು. ನನ್ನ ಚೀಟಿ ಓದಿದ. ಹನ್ನೊಂದನ್ನೂ ಕಳಿಸಿ, ಕೆಲಸ ಮುಗಿಯಿತು ಎಂದು ವಿನಯದಿಂದ ತಿಳಿಸಿದ.

ಹತ್ತು ಪತ್ರ ಹೇಗೋ ನಗೆಯಲ್ಲಿ ತೇಲಿಹೋದವು. ಹನ್ನೊಂದನೆಯದು ಕಮತಗಿಯಲ್ಲಿರುವ ಅವಳ ತಂಗಿ ಕಾಶವ್ವನಿಗೆ: "ತೀರಿಹೋದ ಅವ್ವನ ಖಣದ ಕುಪ್ಪಸವನ್ನು ಹೇಳದೆ ಒಯ್ದವಳು ನೀನು, ನನ್ನ ಹೊಸ್ತಿಲು ತುಳಿಯಬೇಡ." ಇನ್ನು ಎಂಟು ದಿನಕ್ಕೆ ಆ ಕಾಶವ್ವನೇ ಬಂದು ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕಿತ್ತು. ಹೆಸರು ಆರಿಸಿದವಳೂ ಅವಳೇ, ಯಾರಿಗೂ ತಿಳಿಸಿರಲಿಲ್ಲ.

"ಓಲೆಕಾರಗ ಯಾಕ ಬೈಲಿ, ಸಂಗವ್ವಾ. ಅಂವ ಓದಿದ್ದು ನಿನ್ನ ಚೀಟಿ," ಎಂದಳು ಅಂದಾನೆವ್ವ. ನನಗೆ ಬೈದಿದ್ದರೆ ಒಳ್ಳೆಯದಿತ್ತು. ಅಂದಿನಿಂದ ಊಟ ಸೇರಲಿಲ್ಲ. ಮರುದಿನ ಬೆಳಗ್ಗೆಯೇ ಕಮತಗಿಗೆ ಹೋದೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿ, ಬಾಗಿಲಲ್ಲಿ ಎಲ್ಲ ಮರೆತು, ಚೀಟಿಯನ್ನೇ ಅವಳ ಮುಂದೆ ಹಿಡಿದೆ.

ನೂಲು ಸುತ್ತುತ್ತಿದ್ದ ಕಾಶವ್ವ ಅದನ್ನು ಎರಡು ಸಲ ಓದಿದಳು. "ಇಷ್ಟ ಬರದ್ರ ನಮ್ಮ ಓಣಿ ರೀತಿ ಅಂವಗ ಹ್ಯಾಂಗ ತಿಳೀಬೇಕವಾ? ಅಂವೇನು ಇಲ್ಲೆ ಹುಟ್ಟಿ ಬೆಳದಾನೇನು?" ಎಂದಳು. ಆಮೇಲೆ ತನ್ನ ಪೆಟ್ಟಿಗೆ ತೆರೆದು ತೋರಿಸಿದಳು. "ಅಕ್ಕನ ಮ್ಯಾಲಿಂದು ನಂದೂ ಒಂಬತ್ತು ಅದಾವು ಆರಾಕ ಇಟ್ಟದ್ದು. ಹೋಗಿ ಹೇಳು, ಹೊಸ್ತಿಲಾ ತುಳಿಯಾಕ ಬರತೇನಿ ಅಂತ."

ಬಂದಳು. ಅವ್ವನ ಕುಪ್ಪಸ ಬಿಚ್ಚಿ ಮಗುವಿನ ತಲೆಗೆ ಕುಂಚಿಗೆ ಹೊಲಿದು ತಂದಿದ್ದಳು. ಕಿವಿಯಲ್ಲಿ ಹೇಳಿದ ಹೆಸರೂ ಅವ್ವನದೇ, ಬಸಲಿಂಗವ್ವ. ಅಂದಾನೆವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನನಗೆ ಅಂದು ಹಸಿವಾಯಿತು. ಎರಡು ಹೋಳಿಗೆ ತಿಂದೆ.

ಈಗ ಕಳಿಸುವ ಕೈಗೆ ಹೊಸ ಚೀಟಿ ಇದೆ. "ಈ ಕೈ ಒಂದು ಸಲಕ್ಕೆ ಒಂದು ಪತ್ರ ಕಳಿಸುತ್ತದೆ. ಕಳಿಸಿದ್ದನ್ನು ಹಿಂದಕ್ಕೆ ಪಡೆಯಲು ಬರುವುದಿಲ್ಲ. ಇಂಥ ಪತ್ರ, ಇಂಥವರಿಗೆ ಎಂದು ಮನೆಯವರು ಹೇಳಿದಾಗ ಮಾತ್ರ ಬಳಸು. ಕರಡಿನಲ್ಲಿದೆ ಎಂದ ಮಾತ್ರಕ್ಕೆ ಕಳಿಸಬೇಕೆಂದಲ್ಲ. ಈ ಊರಿನಲ್ಲಿ ಸಿಟ್ಟು ಆರಲೆಂದು ಪತ್ರ ಬರೆದಿಡುತ್ತಾರೆ, ಕಳಿಸುವುದಿಲ್ಲ. ಅನುಮಾನ ಬಂದರೆ ಕೇಳು." ಕಟ್ಟುವ ಮುಂಚೆ ಇದನ್ನು ಹೊನ್ನಾವರದಿಂದ ಬರುವ ಉಪ್ಪಿನ ವ್ಯಾಪಾರಿಗೆ ಓದಿ ಹೇಳಿದೆ. ನಮ್ಮ ಪದ್ಧತಿಯ ಗಂಧವೂ ಇಲ್ಲದವನು. ಅವನು ತಡವರಿಸಿದ ಕಡೆಯೆಲ್ಲ ತಿದ್ದಿದೆ. ಉದ್ದವಾಯಿತು, ಆಗಲಿ. ಅಳಿಸುವ ಕೈಯ ಚೀಟಿಯನ್ನು ಈಗಲೂ ವಾರಕ್ಕೊಮ್ಮೆ ಎದ್ದು ಹೋಗಿ ಓದುತ್ತೇನೆ, ಏನೋ ಬಿಟ್ಟಿದ್ದೇನೆ ಎಂದು. ಅಷ್ಟು ಬಿಟ್ಟರೆ ನಾನು ಸುಖವಾಗಿದ್ದೇನೆ.

ನಿಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟೇ. ಓಲೆಕಾರ ಎಷ್ಟೇ ಜಾಣನಾದರೂ ನಿಮ್ಮ ಮನೆಗೆ ಇಂದು ಬೆಳಗ್ಗೆ ಬಂದ ಹೊಸಬ. ನಿಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳದ ಮಾತು ಯಾವುದೋ, ಅದನ್ನು ಮೊದಲು ಚೀಟಿಯಲ್ಲಿ ಬರೆಯಿರಿ.

ಈ ಪತ್ರವನ್ನೂ ಮೂರು ದಿನ ಆರಲು ಇಟ್ಟಿದ್ದೆ. ಈಗಷ್ಟೇ ನನ್ನ ಓಲೆಕಾರ ಕೇಳಿದ: ಈ ಪತ್ರ, ಹಿಂದಿನ ಕಾಲದವರಿಗೆ, ಕಳಿಸಲೇ? ಕಳಿಸಿದ್ದನ್ನು ಹಿಂದಕ್ಕೆ ಪಡೆಯಲು ಬರುವುದಿಲ್ಲ ಎಂದು ನನ್ನ ಮಾತನ್ನೇ ನನಗೆ ನೆನಪಿಸಿದ. ಇನ್ನೊಮ್ಮೆ ಓದಿ ನೋಡಿ, ಹೂಂ ಎಂದೆ.