ಬೀಗಿತ್ತಿಯ ಶುಂಠಿ ಕೇಕು

ಫುಲ್‌ಶೀರ್, ಟೆಕ್ಸಸ್
೨೧ ನವೆಂಬರ್ ೨೦೦೫, ಸೋಮವಾರ

ನನ್ನ ನಿರೂ,

ನಿನಗೂ ಅಳಿಯಂದಿರು ಪ್ರಹ್ಲಾದ ಅವರಿಗೂ ಅವ್ವನ ಹರಕೆ. ನಾವೆಲ್ಲ ಇಲ್ಲಿ ಆರಾಮ ಇದ್ದೇವೆ. ಫೋನ್ ಇರುವಾಗ ಅವ್ವ ಯಾಕೆ ಕಾಗದ ಬರೆದಳು ಎಂದು ಗಾಬರಿಯಾಗಬೇಡ. ಫೋನಿನಲ್ಲಿ ನಾನು ಒಂದು ಮಾತು ಆಡುವಷ್ಟರಲ್ಲಿ ನೀನು ನಾಲ್ಕು ಆಡಿರುತ್ತೀ. ಕಾಗದಕ್ಕೆ ನೀನು ನಡುವೆ ಬಾಯಿ ಹಾಕುವಂತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಸಿಟ್ಟು ಬರುವ ಸುದ್ದಿಯನ್ನು ಮೊದಲೇ ಹೇಳಿಬಿಡುತ್ತೇನೆ. ಥ್ಯಾಂಕ್ಸ್‌ಗಿವಿಂಗ್ ರಜೆಗೆ ಕಾಪೆಲ್‌ಗೆ ನಿನ್ನ ಮನೆಗೆ ಬರುತ್ತೇನೆ, ಯುಗಾದಿಯವರೆಗೆ ನಿನ್ನ ಹತ್ತಿರವೇ ಇರುತ್ತೇನೆ ಎಂದಿದ್ದೆನಲ್ಲ, ಈಗ ಬರುವುದಿಲ್ಲ. ಮೊಣಕಾಲು ಹಿಡಿದಿದೆ. ನಿಮ್ಮ ಡಲ್ಲಾಸ್‌ವರೆಗೆ ಕಾರಿನಲ್ಲಿ ಕೂರಲು ಆಗುವುದಿಲ್ಲ.

ಹೋಗಲಿ ಬಿಡು, ಇದನ್ನು ನೀನು ನಂಬುವುದಿಲ್ಲ. ಈಚೆಗಷ್ಟೇ ನಿನ್ನ ಅಣ್ಣ ಉದಯನ ಜೊತೆ ಆಸ್ಟಿನ್‌ಗೆ ಹೋಗಿಬಂದವಳಿಗೆ ಎಲ್ಲಿಯ ಮೊಣಕಾಲು! ನಿಜವಾದ ಕಾರಣ ನನ್ನ ಬೀಗಿತ್ತಿ.

ನೀನು ಆಕೆಯನ್ನು ಒಂದು ಸಲ ನೋಡಿದ್ದೀ, ನಮಸ್ಕಾರ ಹೇಳಿ ಹೋಗಿದ್ದೀ. ನಿನಗೆ ಆಕೆ ಅತ್ತಿಗೆಯ ತಾಯಿ, ಅಷ್ಟೇ. ನನಗೆ ಹಾಗಲ್ಲ. ನಿನ್ನ ಅಣ್ಣ ಲೀಡ್ಸ್‌ನಲ್ಲಿ ಓದುತ್ತಿದ್ದಾಗ ಹೆಲೆನ್‌ಳನ್ನು ರಿಜಿಸ್ಟರ್ ಮದುವೆಯಾದ. ನಿಮ್ಮಪ್ಪನ ಹಟ ನಿನಗೆ ಗೊತ್ತೇ ಇದೆ, ನಾವು ಹೋಗಲಿಲ್ಲ. ನಮ್ಮ ಕಡೆ ಮದುವೆಯಾದ ಮೇಲೆ ಬೀಗರ ಊಟ ಆಗಬೇಕು, ಬೀಗಿತ್ತಿಯರು ಒಬ್ಬರ ಬಾಯಿಗೊಬ್ಬರು ಹೋಳಿಗೆಯ ತುತ್ತು ಇಡಬೇಕು, ಒಬ್ಬರನ್ನೊಬ್ಬರು ಆಡಿಕೊಂಡು ನಗಬೇಕು. ಅದೊಂದೂ ಆಗಲಿಲ್ಲ. ಗಂಡ ಆರ್ಥರ್ ತೀರಿಕೊಂಡ ಮೇಲೆ ಡೋರೀನ್ ಶ್ರಾವಣದಲ್ಲಿ ಮಗಳ ಮನೆಗೆ ಬಂದಳು. ನಾನು ನನ್ನ ಬೀಗಿತ್ತಿಯ ಮುಖ ನೋಡಿದ್ದು ಆಗಲೇ, ನೈಟಿಯ ಮೇಲೆ ಶಾಲು ಹೊದ್ದು ಅಡುಗೆಮನೆಯಲ್ಲಿ ನಿಂತು.

ಉದಯ, ಹೆಲೆನ್ ಬೆಳಿಗ್ಗೆ ಕೆಲಸಕ್ಕೆ ಹೋದರೆ ಬರುವುದು ಕತ್ತಲಾದ ಮೇಲೆ. ಈ ಹೊಸ ಬಡಾವಣೆಯಲ್ಲಿ ರಸ್ತೆಗೆ ಇಳಿದರೆ ಒಂದು ನರಪಿಳ್ಳೆ ಸಿಗುವುದಿಲ್ಲ. ಹಗಲೆಲ್ಲ ಮನೆಯಲ್ಲಿ ನಾನು ಮತ್ತು ಆಕೆ. ಆಕೆಯ ಇಂಗ್ಲಿಷ್ ನಾನು ಶಾಲೆಯಲ್ಲಿ ಕಲಿಸಿದ ಇಂಗ್ಲಿಷ್ ಅಲ್ಲವೇ ಅಲ್ಲ. ಆದರೂ ಹೇಗೋ ಮಾತು ನಡೆಯುತ್ತಿತ್ತು. ನಾನು ಮೆಂತ್ಯ ಸೋಸುತ್ತಿದ್ದರೆ ಆಕೆಯೂ ಬಂದು ಕೂತು ಸೋಸುವಳು, ಎಲೆ ಬಿಸಾಕಿ ಕಡ್ಡಿ ಇಟ್ಟುಕೊಳ್ಳುವಳು. ನನ್ನನ್ನು ‘ಸುಮಿತ್ರಾ ಲವ್’ ಎಂದು ಕರೆಯುತ್ತಿದ್ದಳು. ಮೊದಮೊದಲು ನಾಚಿ ಸಾಯುವಂತಾಗುತ್ತಿತ್ತು. ಅವರ ಊರಲ್ಲಿ ಹಾಲು ಹಾಕುವವನಿಗೂ ಹಾಗೇ ಅನ್ನುತ್ತಾರೆ ಎಂದು ಹೆಲೆನ್ ಹೇಳಿದ ಮೇಲೆ ಸಮಾಧಾನವಾಯಿತು.

ದಿನಾ ನಾಲ್ಕು ಗಂಟೆಗೆ ಚಹಾ. ಆಕೆ ತನ್ನ ತಟ್ಟೆ ನನ್ನ ಕಡೆ ಸರಿಸುವಳು, ಒಮ್ಮೆ ಕೇಕು, ಒಮ್ಮೆ ಬಿಸ್ಕತ್ತು. ನಾನು ತತ್ತಿ ಇದೆಯೇ ಎಂದು ಕೇಳುವೆ. ಆಕೆ ಪೊಟ್ಟಣ ತಿರುಗಿಸಿ ಕನ್ನಡಕ ಏರಿಸಿ ಓದಿ, ಇದೆ ಎನ್ನುವಳು. ನಾನು ಕೈ ಅಡ್ಡ ಮಾಡಿ ನನ್ನ ಅವಲಕ್ಕಿ ತಿನ್ನುವೆ. ಇದು ನಮ್ಮ ನಿತ್ಯದ ಪಾಠವಾಗಿತ್ತು.

ಈಗ ಕೇಳು. ದೀಪಾವಳಿ ಎದುರಿಗಿತ್ತು. ನಾನು ಸೆರಗು ಸಿಕ್ಕಿಸಿ ಅಡುಗೆಮನೆ ಸ್ವಚ್ಛ ಮಾಡಲು ನಿಂತೆ. ಮೇಲಿನ ಹಲಗೆಯ ಮೂಲೆಯಲ್ಲಿ ಒಂದು ತಗಡಿನ ಡಬ್ಬಿ, ಒಳಗೆ ಎಣ್ಣೆಕಾಗದ ಸುತ್ತಿದ ಕಪ್ಪನೆಯ ಗಟ್ಟಿ. ಬೆರಳಿಂದ ಒತ್ತಿದೆ, ಇಟ್ಟಂಗಿ! ಯಾವ ಕಾಲದ್ದೋ, ಹಬ್ಬದ ಮನೆಯಲ್ಲಿ ತಂಗಳು ಯಾಕೆ ಎಂದು ಕಸಕ್ಕೆ ಹಾಕಿದೆ. ಡಬ್ಬಿಯನ್ನು ಸೋಪು ಹಚ್ಚಿ ತಿಕ್ಕಿ ಒಣಗಿಸಿ ಅದರಲ್ಲಿ ಚಕ್ಕಲಿ ತುಂಬಿಟ್ಟೆ. ಯಾರನ್ನೂ ಒಂದು ಮಾತು ಕೇಳಲಿಲ್ಲ. ಕೇಳುವ ಬುದ್ಧಿ ನನಗೆಲ್ಲಿದೆ?

ನವೆಂಬರ್ ಐದರ ಸಂಜೆ ಡೋರೀನ್ ಒಳ್ಳೆಯ ಉಡುಪು ಹಾಕಿಕೊಂಡು, ತುಟಿಗೆ ಬಣ್ಣ ಹಚ್ಚಿಕೊಂಡು ಬಂದಳು. ಅವತ್ತು ಅವರ ದೇಶದಲ್ಲಿ ಬೆಂಕಿಹಬ್ಬವಂತೆ. ನಮ್ಮ ಕಾಮಣ್ಣನನ್ನು ಸುಟ್ಟಂತೆ ಕಟ್ಟಿಗೆ ಪೇರಿಸಿ ಸುಡುತ್ತಾರಂತೆ. ಉದಯ ಹಿತ್ತಲಲ್ಲಿ ಒಂದಿಷ್ಟು ಕಟ್ಟಿಗೆ ಹೊತ್ತಿಸಿದ್ದ. ಆಕೆ ಡಬ್ಬಿಯನ್ನು ಎದೆಗೆ ಒತ್ತಿಕೊಂಡು ತಂದು ಎಲ್ಲರ ಮುಂದೆ ಮುಚ್ಚಳ ತೆಗೆದಳು. ಚಕ್ಕಲಿ!

ಉದಯ ಮೊದಲು ನಕ್ಕ. ಹೆಲೆನ್ ನಗಲಿಲ್ಲ. ಆ ಕಪ್ಪು ಗಟ್ಟಿಯ ಹೆಸರು ಪಾರ್ಕಿನ್ ಅಂತೆ. ಓಟ್ಸು, ಶುಂಠಿ, ಬೆಲ್ಲದ ಪಾಕದಂಥ ಕಪ್ಪು ಕಾಕಂಬಿ ಹಾಕಿ ಮಾಡುವ ಕೇಕು. ಮಾಡಿದ ದಿನ ಗಟ್ಟಿ ಇರುತ್ತದೆ. ಡಬ್ಬಿಯಲ್ಲಿ ಮುಚ್ಚಿ ಒಂದು ವಾರ ಬಿಟ್ಟರೆ ತಾನಾಗಿಯೇ ಮೆತ್ತಗಾಗಿ, ಅಂಟಂಟಾಗಿ, ಆಮೇಲೆ ತಿನ್ನುವುದಂತೆ. ಮದುವೆಯಾದಾಗಿನಿಂದ ಆಕೆ, ಆರ್ಥರ್ ಪ್ರತಿವರ್ಷ ಬೆಂಕಿಯ ಮುಂದೆ ನಿಂತು ಅದನ್ನು ತಿನ್ನುತ್ತಿದ್ದರು. ಅವನಿಲ್ಲದ ಮೊದಲ ಹಬ್ಬಕ್ಕೆಂದು, ಊರಿಂದ ತಂದಿದ್ದ ಒಂದೇ ಡಬ್ಬಿ ಕಾಕಂಬಿಯಲ್ಲಿ ಮಾಡಿದ್ದಳು. ಕಟಕ ರೊಟ್ಟಿ ತಿಂಗಳುಗಟ್ಟಲೆ ಇಟ್ಟು ತಿನ್ನುವ ಮನೆಯವಳು ನಾನು, ಕರದಂಟು ಕಟ್ಟಿಕೊಂಡು ವಿಮಾನ ಹತ್ತಿ ಬಂದವಳು ನಾನು. ಇನ್ನೊಬ್ಬರ ಡಬ್ಬಿಯಲ್ಲಿದ್ದದ್ದು ಮಾತ್ರ ತಂಗಳಾಗಿ ಕಂಡಿತು ನೋಡು.

ನಾನು ಕೈ ಮುಗಿದು ಸಾರಿ ಅಂದೆ. ಆಕೆ ಬಹಳ ಮರ್ಯಾದೆಯಿಂದ, ಪರವಾಗಿಲ್ಲ ಅಂದಳು. ಒದರಾಡಿದ್ದರೆ ಎಷ್ಟೋ ಚಲೋ ಇತ್ತು! ಮರುದಿನದಿಂದ ನಾಲ್ಕು ಗಂಟೆಗೆ ಕೆಳಗೆ ಬರಲಿಲ್ಲ. ಎದುರು ಸಿಕ್ಕರೆ ‘ಸುಮಿತ್ರಾ’ ಎಂದಷ್ಟೇ. ಊಟಕ್ಕೆ ಕೂತರೆ ಎರಡು ಚಮಚ ಸೂಪು, ಸಾಕು. ಎರಡೇ ದಿನಕ್ಕೆ ಹೆಲೆನ್‌ಗೆ ವಾಪಸು ಟಿಕೆಟ್ ತೆಗೆಸಲು ಹೇಳಿದಳು. ಅಲ್ಲಿ ಮನೆ ಮಾರಿಯಾಗಿದೆ, ಹೋದರೆ ವೃದ್ಧಾಶ್ರಮವೇ ಗತಿ. ಹೆಲೆನ್ ಸಿಂಕಿನ ಮುಂದೆ ನಿಂತು ನಲ್ಲಿ ಬಿಟ್ಟುಕೊಂಡು ಅತ್ತಳು. ಯಾರೂ ನನ್ನನ್ನು ಬೈಯಲಿಲ್ಲ. ಡಿಸೆಂಬರ್ ಮೊದಲ ವಾರಕ್ಕೆ ಟಿಕೆಟ್ ಬಂತು.

ಅವತ್ತೇ ನಾನು ನಿನಗೆ ಫೋನ್ ಮಾಡಿ, ಅಂಥದೇ ಕೇಕು ಮಾಡಿಕೊಡಬೇಕು, ಆ ಕಾಕಂಬಿಗೆ ಡಲ್ಲಾಸ್‌ನಲ್ಲಿ ಇಂಗ್ಲಿಷರ ತಿಂಡಿಯ ಅಂಗಡಿ ಹುಡುಕು ಅಂದದ್ದು. “ಅವ್ವಾ, ಇಲ್ಲಿ ಮೊಲಾಸಿಸ್, ಅವರ ಟ್ರೀಕಲ್, ಎರಡೂ ಕಾಕಂಬಿನ. ಇಲ್ಲೇ ಸಿಗೂದು ತಗೊಂಡು ಮಾಡ, ತಲಿ ತಿನ್ನಬ್ಯಾಡ,” ಅಂದೆ ನೀನು. ಇಲ್ಲಿಯದನ್ನೂ ತಂದು ನೋಡಿದೆನವ್ವಾ. ಹೆಲೆನ್ ನಾಲಿಗೆಗೆ ಹಚ್ಚಿ, ಇದರ ಕಹಿ ಬೇರೆ ಎಂದಳು. ಬೈದರೂ ನೀನು ಹೋಗಿ ಹುಡುಕಿದೆ, ಇಲ್ಲ ಅನ್ನುವುದಿಲ್ಲ. ಕಾಕಂಬಿ ಸಿಗದೆ ಟಾಫಿ, ನಿಂಬೆಯ ಪೆಪ್ಪರಮಿಂಟು ಕಳಿಸಿದೆ. ಹ್ಯೂಸ್ಟನ್‌ನ ಇಂಗ್ಲಿಷರ ಅಂಗಡಿಗೆ ನಾನೇ ಹೋದೆ. ಒಂದು ಗೋಡೆಯ ತುಂಬ ಅವರ ಬಾಲ್ಯವನ್ನೇ ಗಾಜಿನ ಭರಣಿಗಳಲ್ಲಿ ತುಂಬಿಟ್ಟಿದ್ದಾರೆ. ಕೆಂಪು ಹಳದಿ ಗುಳಿಗೆ, ಪಟ್ಟೆಪಟ್ಟೆ ಕಡ್ಡಿ, ಜೇಷ್ಠಮಧುವಿನ ಕಪ್ಪು ಮಿಠಾಯಿ. ಕಾಕಂಬಿ ಮಾತ್ರ ತೀರಿಹೋಗಿ, ಕ್ರಿಸ್‌ಮಸ್ ಹೊತ್ತಿಗೆ ಬರುತ್ತದೆ ಎಂದರು. ಕೈಗೆ ಸಿಕ್ಕಿದ್ದೆಲ್ಲ ಕೊಂಡು ತಂದು ಆಕೆಯ ಕೋಣೆಯಲ್ಲಿಟ್ಟೆ. ಥ್ಯಾಂಕ್ಯೂ ಎಂದು ಕಪಾಟಿನ ಮೇಲೆ ಸಾಲಾಗಿ ಜೋಡಿಸಿಟ್ಟಳು, ಒಂದರ ಸುತ್ತುಕಾಗದವನ್ನೂ ಬಿಚ್ಚಲಿಲ್ಲ.

ಉದಯನಿಗೆ ಆಸ್ಟಿನ್‌ನಲ್ಲಿ ಆಫೀಸಿನ ಕೆಲಸ ಬಿತ್ತು. ನಾನೂ ಬರುತ್ತೇನೆ ಎಂದು ಕಾರು ಹತ್ತಿದೆ. “ಒಂದು ಕೇಕಿಗೆ ಇಷ್ಟೊಂದು ಯಾಕ್ ಮಾಡ್ತೀಬೇ?” ಎಂದು ದಾರಿಯುದ್ದಕ್ಕೂ ಕೇಳಿದ. ಕೇಕಿಗಲ್ಲೋ ಮಾರಾಯ, ಆಕಿ ಹ್ವಾದ್ರ ಹಗಲೆಲ್ಲ ನಾ ಯಾರ ಮುಖ ನೋಡ್ಲಿ ಅಂದೆ. ಹೇಳಿದ ಮೇಲೆ ನನಗೇ ಅಳು ಬಂತು. ನಿಮ್ಮಪ್ಪ ಹೋದ ಮೇಲೆ ಎಲ್ಲರೂ ನನಗೆ ಧೈರ್ಯ ಹೇಳಿದರು. ಏನೂ ಹೇಳದೆ ಪಕ್ಕದಲ್ಲಿ ಕೂತು ಮೆಂತ್ಯ ಸೋಸಿದವಳು ಆಕೆ ಒಬ್ಬಳೇ. ಉದಯ ಆಫೀಸಿನ ಕೆಲಸ ಮುಗಿದ ಮೇಲೆ ಅಂಗಡಿಯಿಂದ ಅಂಗಡಿಗೆ ತಿರುಗಿಸಿದ. ಕೊನೆಗೆ ಒಂದು ಪುಟ್ಟ ಅಂಗಡಿಯ ಕೆಳಗಿನ ಸಾಲಿನಲ್ಲಿ, ಕಸ್ಟರ್ಡ್ ಪುಡಿಯ ಹಿಂದೆ, ಮೈ ನೆಗ್ಗಿದ ಒಂದು ಕೆಂಪು ಡಬ್ಬಿ ಸಿಕ್ಕಿತು. ಅಲ್ಲೇ ಅದನ್ನು ಕಣ್ಣಿಗೊತ್ತಿ ನಮಸ್ಕಾರ ಮಾಡಿದೆ. ಅಂಗಡಿಯವಳು ಉದಯನ ಮುಖ ನೋಡಿದಳು.

ಮಾಡುವ ವಿಧಾನವನ್ನು ಹೆಲೆನ್ ನೆನಪು ಮಾಡಿಕೊಂಡು ಹೇಳಿದಳು. ಅದಕ್ಕೆ ತತ್ತಿ ಬೇಕು. ತಾನು ಒಡೆದುಕೊಡುತ್ತೇನೆ ಅಂದಳು, ನಾನು ಬೇಡ ಅಂದೆ. ನಾನೇ ಮಾಡಿ ತಪ್ಪು ತಿದ್ದಬೇಕಿತ್ತು. ಕೊರಳಲ್ಲಿ ಲಿಂಗ ಕಟ್ಟಿಕೊಂಡು ಹುಟ್ಟಿದಾರಭ್ಯ ತತ್ತಿ ಮುಟ್ಟಿದವಳಲ್ಲ. ಕಾಯಿ ಒಡೆದಂತೆ ಕಟ್ಟೆಗೆ ಜೋರಾಗಿ ಕುಟ್ಟಿಬಿಟ್ಟೆ! ಕಟ್ಟೆ, ಸೀರೆ, ಚಪ್ಪಲಿ, ಎಲ್ಲ ಹಳದಿ. ಎರಡನೆಯದನ್ನು ಮೆಲ್ಲಗೆ ಒಡೆದೆ. ಕೇಕು ಒಲೆಗಿಟ್ಟು ಹೋಗಿ ತಲೆಗೆ ನೀರು ಹಾಕಿಕೊಂಡೆ. ಆಮೇಲೆ ಡಬ್ಬಿಯಲ್ಲಿಟ್ಟು ವಾರವೆಲ್ಲ ಕಾದೆ. ತೆಗೆದು ನೋಡಲು ಕೈ ತುರಿಸುತ್ತಿತ್ತು, ಮುಟ್ಟಲಿಲ್ಲ.

ನಿನ್ನೆ ಭಾನುವಾರ ನಾಲ್ಕು ಗಂಟೆಗೆ ಹೆಲೆನ್ ಬಲವಂತ ಮಾಡಿ ತಾಯಿಯನ್ನು ಕೆಳಗೆ ಕರೆತಂದಳು. ನಾನು ಡಬ್ಬಿ ತೆಗೆದೆ. ಕೇಕು ಮೆತ್ತಗಾಗಿತ್ತು! ಚಾಕುವಿಗೆ ಅಂಟುತ್ತಿತ್ತು. ಒಂದು ತುಂಡು ಆಕೆಯ ತಟ್ಟೆಗೆ ಇಟ್ಟು, ಕೈ ಕಟ್ಟಿಕೊಂಡು ನಿಂತೆ. ಆಕೆ ಅದನ್ನು ಬೆರಳಿಂದ ಒತ್ತಿ ನೋಡಿದಳು. ಯಾರು ಮಾಡಿದ್ದು ಎಂದು ಕೇಳಿದಳು. ಹೆಲೆನ್ ನನ್ನ ಕಡೆ ಬೆರಳು ಮಾಡಿದಳು. ಆಕೆ ಮುರಿದು ಬಾಯಿಗೆ ಹಾಕಿಕೊಂಡು, ನಿಧಾನವಾಗಿ ಅಗಿದು, ತತ್ತಿ ಹಾಕಿದ್ದೀಯಾ ಎಂದಳು. ನಾನು ಎದೆ ಉಬ್ಬಿಸಿ, ಹೌದು, ನಾನೇ ಒಡೆದು ಹಾಕಿದೆ ಅಂದೆ. ಮೆಚ್ಚುತ್ತಾಳೆ ಅಂದುಕೊಂಡಿದ್ದೆ.

ಆಕೆ ತಟ್ಟೆ ಕೆಳಗಿಟ್ಟಳು. ಕಣ್ಣಲ್ಲಿ ನೀರು. ಮಾತು ಮೆಲ್ಲಗಿತ್ತು, ನನಗೆ ಅರ್ಧ ತಿಳಿಯಿತು, ಉಳಿದದ್ದನ್ನು ಉದಯ ಹೇಳಿದ. ಆರ್ಥರನ ತಾಯಿಯ ಕಾಲದಿಂದಲೂ ಅದಕ್ಕೆ ತತ್ತಿ ಹಾಕುತ್ತಾ ಬಂದಿದ್ದರು. ಈ ಸಲ ಮಾತ್ರ ಆಕೆ ಹಾಕಿರಲಿಲ್ಲವಂತೆ, ಹಾಲು ಹಾಕಿ ಮಾಡಿದ್ದಳಂತೆ. ಸುಮಿತ್ರಾ ದಿನಾ ತನ್ನ ಅವಲಕ್ಕಿ ಹಿಡಿದು ನನ್ನೆದುರು ಕೂರುತ್ತಾಳೆ, ಈ ಒಂದನ್ನಾದರೂ ಇಬ್ಬರೂ ಕೂತು ತಿನ್ನೋಣ ಎಂದುಕೊಂಡಿದ್ದೆ, ಅದು ಇವಳಿಗಾಗಿ ಮಾಡಿದ್ದು, ಎಂದಳಂತೆ.

ನಿರೂ, ನನಗಾಗಿ ಮಾಡಿಟ್ಟದ್ದನ್ನೇ ನಾನು ಕಸಕ್ಕೆ ಹಾಕಿದ್ದೆ. ಕುರ್ಚಿ ಎಳೆದು ಆಕೆಯ ಪಕ್ಕ ಕೂತುಬಿಟ್ಟೆ. ಇಬ್ಬರೂ ಅತ್ತೆವು, ಮೂಗು ಒರೆಸಿಕೊಂಡೆವು, ಆಮೇಲೆ ನಾನು ಕಟ್ಟೆಗೆ ತತ್ತಿ ಕುಟ್ಟಿದ್ದನ್ನು ಅಭಿನಯಿಸಿ ತೋರಿಸಿದೆ. ಆಕೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಲೀಡ್ಸ್‌ನಲ್ಲಿ ಡಿಸೆಂಬರ್ ಅಂದರೆ ಬಹಳ ಚಳಿ ಎಂದಳು. ಟಿಕೆಟ್ ಬೇಡ ಎಂದು ಬಾಯಿಬಿಟ್ಟು ಹೇಳುವ ಜಾತಿಯಲ್ಲ ಅದು. ಹೆಲೆನ್ ಎದ್ದು ಏರ್‌ಲೈನ್ಸ್‌ನವರಿಗೆ ಫೋನ್ ಮಾಡಲು ಹೋದಳು. ಇನ್ನೊಂದು ಕಪ್ ಚಹಾ ಕೊಡ್ತೀಯಾ, ಸುಮಿತ್ರಾ ಲವ್, ಎಂದಳು ನನ್ನ ದೊರೆಸಾನಿ.

ಕೆಂಪು ಡಬ್ಬಿಯಲ್ಲಿ ಇನ್ನೂ ಅರ್ಧ ಕಾಕಂಬಿ ಇದೆ. ಗುರುವಾರ ಇಬ್ಬರೂ ಸೇರಿ ಹಾಲು ಹಾಕಿದ ಕೇಕು ಮಾಡಿ ಮುಚ್ಚಿಡುವವರಿದ್ದೇವೆ. ಅದು ಮೆತ್ತಗಾಗುವವರೆಗೆ ನಾನು ಈ ಮನೆ ಬಿಟ್ಟು ಕದಲುವುದಿಲ್ಲ. ಸಿಟ್ಟು ಮಾಡಬೇಡ, ನೀವಿಬ್ಬರೂ ಇಲ್ಲಿಗೇ ಬನ್ನಿ. ಬರುವಾಗ ಒಂದಿಷ್ಟು ಒಣಶುಂಠಿ ತಾ, ಇಲ್ಲಿಯ ಪುಡಿಗೆ ಖಾರ ಸಾಲದು.

ನಿನ್ನ ದಾರಿ ನೋಡುವ
ಅವ್ವ
ಸುಮಿತ್ರವ್ವ

ತಾ.ಕ.: ಲಕೋಟೆಗೆ ಹಾಕಿದ ಕಾಗದವನ್ನು ಮತ್ತೆ ಹೊರಗೆ ತೆಗೆದೆ. ಒಂದು ಮಾತು ಬಿಟ್ಟಿದ್ದೆ. ನಿನ್ನೆ ನಗು ಅಳು ಎಲ್ಲ ಆದ ಮೇಲೆ ಆಕೆ ಆ ಕೇಕಿನ ಒಂದು ತುಂಡು ಮುರಿದು, ಮರೆತು, ನನ್ನ ಬಾಯಿಯ ಹತ್ತಿರ ತಂದಳು. ತಕ್ಷಣ ತತ್ತಿ ನೆನಪಾಗಿ ಅಯ್ಯೋ ಎಂದು ಕೈ ಹಿಂದಕ್ಕೆ ಎಳೆದುಕೊಂಡಳು. ಬೀಗಿತ್ತಿ ಚಾಚಿದ ಕೈ ಹಿಂದಕ್ಕೆ ಹೋಗುವುದನ್ನು ನನ್ನಿಂದ ನೋಡಲಾಗಲಿಲ್ಲ. ಮುಂಗೈ ಹಿಡಿದು ಎಳೆದು, ಆಕೆಯ ಕೈಯಿಂದಲೇ ತಿಂದೆ. ಉದಯ ಬಿಟ್ಟ ಬಾಯಿ ಮುಚ್ಚಲಿಲ್ಲ. ಆಮೇಲೆ ನಾನೂ ಒಂದು ತುಂಡು ಮುರಿದು ಆಕೆಯ ಬಾಯಿಗಿಟ್ಟೆ. ಧಾರವಾಡದ ನಿನ್ನ ಶಾಂತವ್ವ ಚಿಗವ್ವನ ಮುಂದೆ ಬಾಯಿಬಿಟ್ಟೀಯ, ಜೋಕೆ. ಆದರೆ ನಿಮ್ಮಪ್ಪನ ಫೋಟೋ ಮುಂದೆ ನಾನೇ ಹೇಳಿದ್ದೇನೆ, ಇಷ್ಟು ವರ್ಷ ನಿಂತುಹೋಗಿದ್ದ ಬೀಗರ ಊಟ ನಿನ್ನೆ ಆಯಿತು ಎಂದು.