ಡ್ರಾಯರಿನಲ್ಲಿ ಸಿಕ್ಕ ಚೀಟಿ

ಜೂನ್ ೨೯, ಸಂಜೆ
ಪುರಸಭೆ ಕಚೇರಿ

ಪ್ರೀತಿಯ ಅಣ್ಣನಿಗೆ,

ನಿಮಗೂ ಅತ್ತಿಗೆಗೂ ನಮಸ್ಕಾರಗಳು. ನಿಮ್ಮ ಕಾಗದ ಬಂದು ಏಳು ವಾರವಾಯಿತು. ತಡವಾದದ್ದನ್ನು ಹೊಟ್ಟೆಗೆ ಹಾಕಿಕೊಳ್ಳಿ. ಕೆಲಸ ಜಾಸ್ತಿ ಎಂದು ನೆಪ ಹೇಳಬಹುದಿತ್ತು, ಆದರೆ ಮೇಲಿನವರಿಗೆ ನೆಪ ಬರೆಯುವುದನ್ನು ನನಗೆ ಕಲಿಸಿದವರೇ ನೀವು. ದಿನವೂ ನಿಮ್ಮ ಕಾಗದವನ್ನು ಮೇಜಿನ ಮೇಲೆ ತೆಗೆದಿಡುತ್ತಿದ್ದೆ, ಯಾರಾದರೂ ಬಂದು ಅದರ ಮೇಲೊಂದು ಫೈಲು ಇಡುತ್ತಿದ್ದರು. ಇಟ್ಟವರಿಗೆ ಮನಸ್ಸಿನಲ್ಲೇ ಉಪಕಾರ ಹೇಳುತ್ತಿದ್ದೆ.

ನಾಳೆ ನನ್ನ ಕೊನೆಯ ದಿನ. ಇಪ್ಪತ್ತಾರು ವರ್ಷದ ಹಿಂದೆ ನೀವು ಎದ್ದುಹೋದ ಕುರ್ಚಿಯಿಂದಲೇ ನಾನೂ ಏಳುತ್ತಿದ್ದೇನೆ. ಏಳು ಊರು ಸುತ್ತಿಸಿ ಕೊನೆಗೆ ಇಲ್ಲಿಗೇ ಹಾಕಿದರು ನೋಡಿ. ಫ್ಯಾನು ಅದೇ, ಸದ್ದೂ ಅದೇ. ಬಾಗಿಲ ಬಳಿ ನೀರಿನ ಕನೆಕ್ಷನ್ ಅರ್ಜಿ ಹಿಡಿದು ನಿಲ್ಲುವವರ ಮುಖ ಮಾತ್ರ ಬದಲಾಗಿದೆ. ಅಣ್ಣ, ನನಗೆ ದಣಿವಾಗಿದೆ. ನಿದ್ದೆ ಮಾಡಿದರೆ ಹೋಗುವಂಥದ್ದಲ್ಲ.

ನಿನ್ನೆ ಬೀಳ್ಕೊಡುಗೆ ಇಟ್ಟಿದ್ದರು. ನೀವು 'ಗುಡುಗು' ಎಂದು ಹೆಸರಿಟ್ಟಿದ್ದಿರಲ್ಲ, ಆ ಹಳೆಯ ಸದಸ್ಯರು ಕೋಲೂರಿಕೊಂಡು ಬಂದು ನಲವತ್ತು ನಿಮಿಷ ಮಾತಾಡಿದರು. ಅದರಲ್ಲಿ ಮೂವತ್ತು ನಿಮಿಷ ಚರಂಡಿಯ ವಿಷಯ. ನೀರಿನವರು ಅಗೆದದ್ದನ್ನು ರಸ್ತೆಯವರು ಮುಚ್ಚುವುದಿಲ್ಲ, ರಸ್ತೆಯವರು ಮುಚ್ಚಿದ್ದನ್ನು ನೀರಿನವರು ಬಿಡುವುದಿಲ್ಲ, ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯುತ್ತದೆ ಎಂದು ನಮ್ಮಿಬ್ಬರು ಎಂಜಿನಿಯರುಗಳನ್ನು ಎದುರಿಗೇ ಕೂರಿಸಿಕೊಂಡು ಬೈದರು. ಎತ್ತು ಯಾರು, ಕೋಣ ಯಾರು ಎಂದು ಅವರಿಬ್ಬರೂ ಇನ್ನೂ ಜಗಳವಾಡುತ್ತಿದ್ದಾರೆ. ಕೊನೆಗೆ ನನಗೊಂದು ಗೋಡೆ ಗಡಿಯಾರ ಕೊಟ್ಟರು. ಇನ್ನು ಹೊತ್ತು ನೋಡಬೇಕಿಲ್ಲದವಳಿಗೆ ಗಡಿಯಾರ!

ಹೊಗಳಿದ್ದೇ ಹೊಗಳಿದ್ದು. "ಮೇಡಂ ಮೊದಲನೇ ಸಲ ಬಂದಾಗ ಎಂಟೇ ದಿನದಲ್ಲಿ ಊರೆಲ್ಲಾ ತಿಳ್ಕೊಂಡ್ಬಿಟ್ಟಿದ್ರು" ಎಂದು ಹಿರಿಯ ಗುಮಾಸ್ತೆ ಹೇಳಿದಳು. ನನಗೆ ಸುಮ್ಮನಿರಲು ಆಗಲಿಲ್ಲ. ಎದ್ದು ನಿಂತು ಹೇಳಿದೆ, "ಅದು ನನ್ನ ಬುದ್ಧಿ ಅಲ್ಲ. ನನ್ನ ಹಿಂದಿನ ಸಾಹೇಬ್ರು ಡ್ರಾಯರಲ್ಲಿ ಒಂದು ಚೀಟಿ ಬಿಟ್ಟು ಹೋಗಿದ್ರು. ಹನ್ನೊಂದು ಸಾಲು. ನಾನು ಅಧಿಕಾರಿ ಆಗಿದ್ದು ಆ ಚೀಟಿಯಿಂದ." ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಜಾಗಕ್ಕೆ ಬಂದಿರುವ ಹೊಸ ಅಧಿಕಾರಿ, ಚುರುಕು ಹುಡುಗಿ, ಆಮೇಲೆ ಬಂದು ಕೇಳಿದಳು: "ಮೇಡಂ, ಆ ಚೀಟಿ ತೋರಿಸ್ತೀರಾ? ಒಂದು ಫೋಟೋ ತಗೋತೀನಿ." ಮನೆಯಲ್ಲಿದೆ ಎಂದುಬಿಟ್ಟೆ.

ನೀವೂ ಅದನ್ನೇ ಕೇಳಿದ್ದೀರಿ. ಕಿರಿಮಗಳು ನಮ್ಮ ಇಲಾಖೆಗೇ ಸೇರಿದ್ದಾಳೆ, ಜುಲೈನಲ್ಲಿ ಮೊದಲ ಊರು ವಹಿಸಿಕೊಳ್ಳುತ್ತಾಳೆ, ಆ ಹಳೆಯ ಚೀಟಿ ಇದ್ದರೆ ಕಳಿಸು, ತೋರಿಸಬೇಕು ಎಂದು. ಎಷ್ಟು ಸಂತೋಷವಾಯಿತು ಗೊತ್ತೇ? ನಿಮ್ಮ ತೊಡೆಯ ಮೇಲೆ ಕೂತು ಮೇಜಿಗೆಲ್ಲ ನನ್ನ ಸೀಲು ಒತ್ತಿದ ಪುಟ್ಟಿ ಈಗ ತನ್ನದೇ ಸೀಲು ಇಟ್ಟುಕೊಳ್ಳುತ್ತಾಳೆ. ಆದರೆ ಚೀಟಿ ಮಾತ್ರ, ಅಣ್ಣ, ಮನೆ ಖಾಲಿ ಮಾಡುವ ಗಡಿಬಿಡಿಯಲ್ಲಿ ಎಲ್ಲಿಟ್ಟೆನೋ ಸಿಗುತ್ತಿಲ್ಲ. ಬಾಯಿಪಾಠವಿದೆ, ನೆನಪಿದ್ದಷ್ಟು ಬರೆಯುತ್ತೇನೆ.

ಒಂದನೆಯದು, ನೀರು ಬಿಡುವವನು ಫೋನು ಎತ್ತುವುದಿಲ್ಲ, ಮನೆಗೇ ಹೋಗು, ಅವನ ತಾಯಿಗೆ ಕಿವಿ ಕೇಳದು, ಕಿಟಕಿಯಲ್ಲಿ ಮುಖ ತೋರಿಸು. ಮೂರನೆಯದು, ಗುಡುಗು ಸದಸ್ಯರನ್ನು ಹತ್ತು ನಿಮಿಷ ತಡೆಯಬೇಡ, ಆಮೇಲೆ ಮಂಡಿನೋವು ಹೇಗಿದೆ ಎಂದು ಕೇಳು. (ನಿನ್ನೆಯೂ ಕೇಳಿದೆ. ಎರಡೂ ಮಂಡಿಯಂತೆ ಈಗ.) ಐದನೆಯದು, ಮಾರುಕಟ್ಟೆ ಚರಂಡಿಯನ್ನು ಯಾರು ಏನೇ ಅಂದರೂ ಮೊದಲ ಮಳೆಗೆ ಮುಂಚೆ ತೆಗೆಸು. ಒಂಬತ್ತನೆಯದು, ಪೌರಕಾರ್ಮಿಕರ ಹಾಜರಿ ತೆಗೆದುಕೊಳ್ಳುವ ಜಾಗಕ್ಕೆ ವಾರಕ್ಕೊಮ್ಮೆ ಬೆಳಗ್ಗೆ ಹೋಗು, ಅಲ್ಲಿ ಗೊತ್ತಾಗುವುದು ಫೈಲಿನಲ್ಲಿ ಗೊತ್ತಾಗುವುದಿಲ್ಲ. ಹನ್ನೊಂದನೆಯದು, ಹೆದರಬೇಡ, ತಪ್ಪು ಎಲ್ಲರೂ ಮಾಡುತ್ತಾರೆ. ಉಳಿದವು ಸಣ್ಣಪುಟ್ಟವು. ಮಗಳಿಗೆ ಇಷ್ಟು ಸಾಕು.

ಸಭೆಯಲ್ಲಿ ಎಲ್ಲರೂ ನಿಮ್ಮನ್ನು ವಿಚಾರಿಸಿದರು. ಪಂಪ್‌ಹೌಸಿನ ಕಾವಲುಗಾರ ಒಬ್ಬ ಕೇಳಲಿಲ್ಲ. ನಿಮ್ಮ ಮಾತು ಬಂದಾಗ ಎದ್ದು, ಎಡಗಾಲು ಎಳೆದುಕೊಂಡು ಹೊರಗೆ ಹೋದ. ನೀವು ಹೋದ ನಾಲ್ಕನೇ ತಿಂಗಳು ಮಳೆಯಲ್ಲಿ ಪಂಪ್‌ಹೌಸಿನ ಹಿಂದಿನ ಗೋಡೆ ಅವನ ಮೇಲೆ ಬಿತ್ತು. ಮುಂದಿನವರಿಗೆ ಎಚ್ಚರಿಸದೆ ಹೋದರು ಎಂದು ವಿಚಾರಣೆಯಲ್ಲಿ ನಿಮ್ಮ ಮೇಲೆ ಬರೆದರು. ನಿಮ್ಮ ಬಡ್ತಿ ನಿಂತದ್ದು ನಿಂತೇ ಹೋಯಿತು. ಇಪ್ಪತ್ತಾರು ವರ್ಷದಲ್ಲಿ ನಾವಿಬ್ಬರೂ ಆ ಮಾತು ತೆಗೆದಿಲ್ಲ. ಈಗಲೂ ಬೇಡ ಬಿಡಿ.

ಅತ್ತಿಗೆಯ ಬೆನ್ನುನೋವು ಹೇಗಿದೆ? ನಮ್ಮವರು ನಾನು ಮನೆಯಲ್ಲಿರುತ್ತೇನೆಂದು ಈಗಿನಿಂದಲೇ ಹೆದರಿದ್ದಾರೆ, ಅಡುಗೆಮನೆಯ ಡಬ್ಬಿಗಳಿಗೂ ನಂಬರು ಹಾಕಿಬಿಡುತ್ತಾಳೆ ಎಂದು. ಮಗಳಿಗೆ ನನ್ನ ತುಂಬು ಆಶೀರ್ವಾದ ತಿಳಿಸಿ. ಅವಳು ಹೋದ ಊರಿನಲ್ಲೆಲ್ಲ ನಲ್ಲಿಯಲ್ಲಿ ನೀರಿರಲಿ, ಹಿಂದಿನವರು ಒಳ್ಳೆಯವರಿರಲಿ.

ನಿಮ್ಮ ತಂಗಿ

ಮರೆತ ಮಾತು,
ಜೂನ್ ೩೦, ಮಧ್ಯಾಹ್ನ

ಲಕೋಟೆ ಅಂಟಿಸಿದ್ದೆ. ಹರಿದು ತೆಗೆದು ಬರೆಯುತ್ತಿದ್ದೇನೆ. ಮರೆತ ಮಾತು ಎಂದು ಮೇಲೆ ಬರೆದದ್ದೂ ಸುಳ್ಳೇ.

ಚೀಟಿ ಕಳೆದಿಲ್ಲ. ಇಪ್ಪತ್ತಾರು ವರ್ಷವೂ ನನ್ನ ಕೈಚೀಲದಲ್ಲೇ ಇತ್ತು. ಇಂದು ಬೆಳಗ್ಗೆ ಹೊಸ ಹುಡುಗಿಗೆ ಅಧಿಕಾರ ವಹಿಸುವ ಪಟ್ಟಿ ಬರೆಯಲು ಕೂತೆ. ಅವಳು ಕೇಳಿದಳು, "ಮೇಡಂ, ಪಟ್ಟೀಲಿ ಬರೀದೇ ಇರೋದು ಏನಾದ್ರೂ ಇದ್ಯಾ?" ಸಹಜವಾಗಿ ಕೇಳಿದ್ದು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನು ಕೈಚೀಲ ಮುಟ್ಟಿ ನೋಡಿಕೊಂಡೆ.

ನಿಮ್ಮ ಏಳನೆಯ ಸಾಲು: "ಪಂಪ್‌ಹೌಸ್ ಹಿಂದಿನ ಗೋಡೆ. ಎರಡು ಬೆರಳು ಹೋಗುವಷ್ಟು ಬಿರುಕು ಬಿಟ್ಟಿದೆ. ಮಳೆಗೆ ಮುಂಚೆ ಕೆಡವಿಸು. ಪಟ್ಟಿಯಲ್ಲಿ ಬರೆದಿಲ್ಲ, ಬರೆದರೆ ಬಂದ ವಾರವೇ ನಿನ್ನ ತಲೆಗೆ ಕಟ್ಟುತ್ತಾರೆ."

ನಾನು ಓದಿದ್ದೆ, ಅಣ್ಣ. ಮುಂದಿನ ವಾರ ನೋಡೋಣ ಎಂದುಕೊಂಡೆ. ಹಾಗೆಯೇ ನಾಲ್ಕು ತಿಂಗಳು ನೋಡಿದೆ. ವಿಚಾರಣೆಯಲ್ಲಿ, "ಹಿಂದಿನವರು ಪಟ್ಟಿಯಲ್ಲಿ ಗೋಡೆಯ ವಿಷಯ ತಿಳಿಸಿದ್ದರೇ?" ಎಂದರು. "ಪಟ್ಟಿಯಲ್ಲಿ ಇಲ್ಲ" ಎಂದೆ. ಒಂದಕ್ಷರವೂ ಸುಳ್ಳಲ್ಲ. ನಿಮ್ಮ ಕಡೆ ತಿರುಗಿ, "ಬೇರೆ ಹೇಗಾದರೂ ತಿಳಿಸಿದ್ದಿರಾ?" ಎಂದರು. ನೀವು ನನ್ನ ಮುಖ ನೋಡಿದಿರಿ. "ಇಲ್ಲ. ಮರೆತೆ" ಎಂದಿರಿ. ನನ್ನ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ, ಮನೆಯಲ್ಲಿ ಎರಡು ಮಕ್ಕಳಿದ್ದವು. ಹೊರಗೆ ಬಂದ ಮೇಲೆ ನೀವು ಕೇಳಿದ್ದು ಒಂದೇ ಮಾತು, "ಚಿಕ್ಕವನಿಗೆ ಜ್ವರ ಬಿಡ್ತೇನಮ್ಮಾ?"

ಮೊನ್ನೆ ಅಷ್ಟು ಜನರ ಮುಂದೆ ನಿಮ್ಮನ್ನು ಹೊಗಳಿ ಚಪ್ಪಾಳೆ ಹೊಡೆಸಿಕೊಂಡೆನಲ್ಲ, ಉಪಕಾರ ಸ್ಮರಣೆಯಂತೆ! ನಾಚಿಕೆಯಾಗುತ್ತದೆ. ನಡೆದದ್ದನ್ನೆಲ್ಲ ಬರೆದು, ಸಹಿ ಮಾಡಿ, ಚೀಟಿಯ ನಕಲು ಇಟ್ಟು ನಿರ್ದೇಶಕರಿಗೆ ಕಳಿಸಿದ್ದೇನೆ. ಪಿಂಚಣಿ ತಡೆಹಿಡಿದರೆ ಹಿಡಿಯಲಿ. ಮೂಲ ಚೀಟಿ ಇದರ ಜೊತೆಗಿದೆ. ಮಗಳಿಗೆ ತೋರಿಸಿ, ಏಳನೆಯದನ್ನೂ ಓದಲಿ. ನೀವು ಚೀಟಿ ಕೇಳಿದ್ದು ಅವಳಿಗಾಗಿಯೋ, ನನಗಾಗಿಯೋ, ಏಳು ವಾರದಿಂದ ಯೋಚಿಸುತ್ತಿದ್ದೇನೆ.

ಆಮೇಲೆ ಪಂಪ್‌ಹೌಸಿಗೆ ಹೋದೆ. ಕಾವಲುಗಾರ ಸ್ಟೂಲು ಒರೆಸಿ ಕೊಟ್ಟ. ನಾನು ನಿಂತೇ ಆ ಸಾಲು ಓದಿದೆ, ಯಾರು ಬರೆದದ್ದು, ಯಾರಿಗೆ ಬರೆದದ್ದು ಎಂದು ಹೇಳಿದೆ. ನನ್ನನ್ನು ಬೈಯುತ್ತಾನೆಂದು ಕಾದೆ.

"ಇಷ್ಟು ವರ್ಷ ಆ ಸಾಹೇಬ್ರಿಗೇ ಶಾಪ ಹಾಕ್ಕೊಂಡು ಬಂದ್ನಲ್ಲ ಮೇಡಂ" ಎಂದ.

ನಿಮ್ಮ ವಿಳಾಸ ಕೇಳಿದ. ಬರೆದು ಕೊಟ್ಟಿದ್ದೇನೆ. ಅವನು ಬಂದರೆ ಕೂರಿಸಿ ಮಾತಾಡಿಸಿ, ಅಣ್ಣ. ಮೆಟ್ಟಿಲು ಹತ್ತುವುದು ಅವನಿಗೆ ಕಷ್ಟ.