ಡರ್ಮಟ್ ಮಾಡಿದ ಕೊನೆಯ ರೀಡು

ನವೆಂಬರ್ 4, ಸೋಮವಾರ. ಸಂಜೆ

ಮತ್ತೆ ಅದೇ ಸ್ಟುಡಿಯೋ. ಮತ್ತೊಂದು ಸಾವು. ಧಾರಾವಾಹಿಯಲ್ಲಿ ಯಾರಾದರೂ ಸತ್ತರೆ ಮಾತ್ರ ನನಗೆ ಫೋನು. ಕಥೆ ಸ್ಕಾಟ್ಲೆಂಡಿನದು, ಸಾವಿನ ದೃಶ್ಯಕ್ಕೆ ನಾನು ನುಡಿಸುವ ಪೈಪ್ಸ್ ಎಂಬ ಚೀಲವಾದ್ಯ ನಮ್ಮ ಐರ್ಲೆಂಡಿನದು — ಅವರ ಪೈಪಿನ ಅಬ್ಬರಕ್ಕೆ ನಾಯಕಿ ಅಳುವುದು ಕೇಳಿಸುವುದಿಲ್ಲವಂತೆ. ಟಿವಿಯವರಿಗೆ ಎರಡೂ ಒಂದೇ. ಸಾಕಾಗಿದೆ.

ಹೀಟರ್ ಬೇರೆ. ಕೊಳವೆಯೊಳಗೆ ಕಂಪಿಸಿ ದನಿ ಹೊರಡಿಸುವ ರೀಡು ಒಣಗಿ ಶ್ರುತಿ ಏರಿತು. ಬೇರೆ ರೀಡು ಇಲ್ಲವೆಂದಲ್ಲ. ಇದು ನನ್ನ ತಮ್ಮ ಡರ್ಮಟ್ ಸಾಯುವ ಮೊದಲು ಜೊಂಡು ಕೆತ್ತಿ ಮಾಡಿದ್ದು, ಕೊನೆಯದು. ಇದರ ದನಿಯನ್ನು ಟಿವಿಯಲ್ಲಿ ಕೇಳಿಸುತ್ತೇನೆಂದು ಅವನ ಹೆಂಡತಿ ನೋರಾಳಿಗೆ ಮಾತು ಕೊಟ್ಟಿದ್ದೇನೆ.

ಸಂಗೀತ ನಿರ್ದೇಶಕಿ ಆರ್ಲಾ ಒಳ್ಳೆಯ ಹುಡುಗಿಯೇ. “ಆರ್ಕೆಸ್ಟ್ರಾ ಆಗ್ಲೇ ರೆಕಾರ್ಡ್ ಆಗಿದೆ ಮಾರಾಯ್ರೇ, ನೀವೇ ಶ್ರುತಿ ಇಳಿಸ್ಬೇಕು. ಆಗ್ಲಿಲ್ಲಾಂದ್ರೆ ಕೀಬೋರ್ಡಲ್ಲಿರೋ ಪೈಪ್ಸ್ ಹಾಕ್ತೀನಿ. ಅದಕ್ಕೆ ಸೆಕೆ ಆಗಲ್ಲ.”

ನಾಳೆವರೆಗೆ ಸಮಯ ಕೇಳಿದೆ.

ನವೆಂಬರ್ 5

ಶ್ರುತಿ ಇಳಿಯಲೆಂದು ರೀಡನ್ನು ಕೆರೆದೆ. ಚಾಕುವಿನ ತುದಿಯಲ್ಲಿ ಒಂದೆಳೆ... ಇನ್ನೊಂದೆಳೆ. ಶ್ರುತಿ ಕೂತಿತು. ಮೊದಲ ಟೇಕ್ ಚೆನ್ನಾಗಿ ಬಂತು. ಬಹಳ ಚೆನ್ನಾಗಿ. ಎರಡನೆಯದಕ್ಕೆ ಬರಿಯ ಗಾಳಿ. ರೀಡು ತೀರಾ ತೆಳುವಾಗಿಬಿಟ್ಟಿತ್ತು. ಕೆರೆದದ್ದನ್ನು ಮತ್ತೆ ಅಂಟಿಸಲಾಗದು.

ಆರ್ಲಾ ಗಾಜಿನಾಚೆಯಿಂದ ಹೆಬ್ಬೆರಳು ಎತ್ತಿದಳು. “ಮೊದಲ್ನೇದೇ ಸಾಕು, ಮನೆಗ್ಹೋಗಿ.”

ಜನವರಿ 19, ಭಾನುವಾರ

ನೋರಾ ಸೇಬಿನ ಟಾರ್ಟ್ ಹಿಡಿದು ಬಂದಳು. ಟಿವಿ ಮುಂದೆ ಕೂತೆವು. ಕೋಟೆಯ ಯಜಮಾನ ಸತ್ತ. ಕುದುರೆಗಳು, ಮಳೆ, ನಾಯಕಿಯ ಬಿಕ್ಕು. ಅದರಡಿಯಲ್ಲಿ ನಾನು — ಪಕ್ಕದ ಮನೆಯ ರೇಡಿಯೋ ಹಾಗೆ. ಆದರೆ ಶುರುವಿನಲ್ಲಿ ರೀಡು ಬಾಯಿಬಿಡುವಾಗಿನ ಸಣ್ಣ ಕೀರಲು ಇತ್ತಲ್ಲ, ಅದನ್ನು ಕತ್ತರಿಸಲು ಮರೆತಿದ್ದರು.

ನೋರಾ ತಟ್ಟೆ ಕೆಳಗಿಟ್ಟಳು. “ಅದೇ! ದಿನಾ ಬೆಳಗ್ಗೆ ಅಡುಗೆಮನೇಲಿ ಕೀಂ ಅನ್ನಿಸ್ತಿದ್ದ. ಬೆಚ್ಚಿಬಿದ್ದು ಟೀ ಚೆಲ್ತಿದ್ದೆ. ಎಷ್ಟು ಬೈದಿದ್ದೀನಿ ಅವನಿಗೆ...” ಅತ್ತಳು. ನಾನೂ ಅತ್ತೆ.

ಆಮೇಲೆ ಕಣ್ಣೊರೆಸಿಕೊಂಡು, “ಭಾವ, ಆ ಹಾಳು ಕುದುರೆಗಳಿಲ್ದೆ ಒಂದ್ಸಲ ನುಡ್ಸಿ. ಇಲ್ಲೇ” ಎಂದಳು.

ಸುಸ್ತಾಗಿದೆ, ನಾಳೆ ಬಾ ಎಂದೆ.

ಜನವರಿ 20, ಬೆಳಗ್ಗೆ

ರೀಡನ್ನು ತುಟಿಗಿಟ್ಟು ಊದಿದೆ. ಗಾಳಿಯೇ.

ಕೀಬೋರ್ಡಿಗೆ ಬಿಟ್ಟುಕೊಟ್ಟಿದ್ದರೆ ರೀಡು ಉಳಿಯುತ್ತಿತ್ತು. ಇವತ್ತು ನೋರಾಳ ಮುಂದೆ ಕೂತು ನುಡಿಸುತ್ತಿದ್ದೆ. ಆಗ ಇದು ಹೊಳೆಯಲೇ ಇಲ್ಲ. ಟಿವಿ, ಟಿವಿ ಅಂದುಕೊಂಡೆ.

ಬಂದಳು. ಅಡುಗೆಮನೆಯಿಂದ ಕೂಗುತ್ತಿದ್ದಾಳೆ — “ಟೀ ನಾನೇ ಮಾಡ್ತೀನಿ ಭಾವ, ನೀವು ಪೈಪ್ಸ್ ತೆಗೀರಿ. ಈ ಸಲ ಕೀಂ ಅಂದ್ರೂ ಬೈಯಲ್ಲ.”

ಪೆಟ್ಟಿಗೆ ತೆರೆದಿಟ್ಟಿದ್ದೇನೆ. ಹೇಗೆ ಹೇಳ—